ಹನ್ನೊಂದು ಪ್ರಶ್ನಾರ್ಥಕ ಚಿಹ್ನೆಗಳು

ಅಂಬಾಜಿದುರ್ಗ ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಚಿಂತಾಮಣಿ ಸೀಮೆಯ ಯಾವ ಶಾಲೆಯ ಮಗುವನ್ನು ಕೇಳಿದರೂ ಬೆರಳು ಮಡಚಿ ಎಣಿಸಿ ಐದು ಎನ್ನುತ್ತದೆ. ಅಂ, ಬಾ, ಜಿ, ದು, ರ್ಗ. ಯುನಿಕೋಡ್ ಪ್ರಕಾರ ಎಣಿಸುವ ಕಂಪ್ಯೂಟರಿನ ಲೆಕ್ಕ 11. ಸೊನ್ನೆ, ಇಳಿ, ಗುಡಿಸು, ಕೊಂಬು, ರಕಾರ ಗಕಾರಗಳನ್ನು ಬೆಸೆಯುವ ವಿರಾಮ, ಎಲ್ಲವೂ ಅದಕ್ಕೆ ಬೇರೆ ಬೇರೆ ಗುರುತುಗಳು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದದ ಉದ್ದ ಅಳೆಯುವ ಹಳೆಯ ಫಂಕ್ಷನ್ನಿಗೆ ಇದೇ ಹೆಸರು ಕೊಟ್ಟರೆ ಬರುವ ಉತ್ತರ 33. ಅದು ಎಣಿಸುವುದು ಬೈಟುಗಳನ್ನು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟು ಬೇಕು.

ಮೂರೂ ಉತ್ತರ ಸರಿ.

ಸರ್ವರಿನಲ್ಲಿ ಓಡುವ ಪ್ರೋಗ್ರಾಮುಗಳ ತೊಂದರೆಗಳಲ್ಲಿ ಎಷ್ಟೋ ಹುಟ್ಟುವುದು ಇಂಥ ಸರಿ ಉತ್ತರಗಳ ನಡುವಿನ ಸಂದಿಯಲ್ಲಿ. ಬ್ರೌಸರ್, ಪ್ರೋಗ್ರಾಂ, ಡೇಟಾಬೇಸ್ ಒಂದೊಂದೂ ತನ್ನ ಮಟ್ಟಿಗೆ ಸರಿಯಾಗಿಯೇ ನಡೆದುಕೊಳ್ಳುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ಬೇರೆ ಅರ್ಥದಲ್ಲಿ ತೆಗೆದುಕೊಂಡಾಗ ಮಾತ್ರ ಕೆಲಸ ಕೆಡುತ್ತದೆ. ಆದ್ದರಿಂದ ದೋಷ ಹುಡುಕುವವರು ಮೊದಲು ಕೇಳಬೇಕಾದದ್ದು ಯಾವುದು ಕೆಟ್ಟಿದೆ ಎಂದಲ್ಲ. ಕಣ್ಣಮುಂದಿನದು ತಪ್ಪಾಗಿ ಓದಿಸಿಕೊಳ್ಳುತ್ತಿದೆಯೋ, ಅಥವಾ ನಿಜವಾಗಿಯೂ ಅಳಿದುಹೋಗಿದೆಯೋ ಎಂಬುದು ಮೊದಲ ಪ್ರಶ್ನೆ. ಈ ಎರಡರ ವ್ಯತ್ಯಾಸ ತಿಳಿಯದೆ ಕೈ ಹಾಕಿದರೆ ಓದಿನ ತಪ್ಪೇ ಅಳಿವಾಗಿಬಿಡುತ್ತದೆ.

ಅಂಬಾಜಿದುರ್ಗ ಬರಿಯ ಉದಾಹರಣೆಯ ಪದವಲ್ಲ. ಕೈವಾರದ ಆಸುಪಾಸಿನ ಬಂಡೆಬೆಟ್ಟ, ಹಾಳುಬಿದ್ದ ಕೋಟೆ, ಸಮೀಪದಲ್ಲೇ ಕೈಲಾಸಗಿರಿಯ ಗುಹಾಲಯಗಳು. ಚಿಂತಾಮಣಿ ತಾಲ್ಲೂಕಿನ ಒಂದು ಹೋಬಳಿಗೂ ಇದೇ ಹೆಸರು. ಹೋಬಳಿಯ ಹೆಸರೆಂದ ಮೇಲೆ ಅದು ಅರ್ಜಿಗಳಲ್ಲಿ, ಪಹಣಿಗಳಲ್ಲಿ, ಡೇಟಾಬೇಸಿನ ಸಾಲುಗಳಲ್ಲಿ ದಿನವೂ ಓಡಾಡುವ ಹೆಸರು. ಇದನ್ನು ತೋರಿಸುವ ಒಂದು ಪುಟವನ್ನು ಕಲ್ಪಿಸಿಕೊಳ್ಳೋಣ. ಪಟ್ಟಿ ಅಚ್ಚುಕಟ್ಟಾಗಿರಲಿ ಎಂದು ಪ್ರೋಗ್ರಾಂ ಬರೆದವರು ಹೆಸರುಗಳನ್ನು 20ಕ್ಕೆ ಕತ್ತರಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದದ್ದು 20 ಅಕ್ಷರ, ಯಂತ್ರ ಕತ್ತರಿಸಿದ್ದು 20 ಬೈಟಿಗೆ. ‘ಅಂಬಾಜಿ’ಗೆ 18 ಬೈಟು ಮುಗಿದು, ‘ದ’ಕಾರದ ಮೂರರಲ್ಲಿ ಎರಡು ಬೈಟು ಮಾತ್ರ ಉಳಿಯುತ್ತವೆ. ಆ ತುಂಡು ಯಾವ ಲಿಪಿಯ ಅಕ್ಷರವೂ ಅಲ್ಲ. ಈಗ ಇಡೀ ಪಟ್ಟಿಯನ್ನು ಬ್ರೌಸರಿಗೆ ಕಳಿಸುವ ಜೇಸನ್ ರೂಪಕ್ಕೆ ತರಲು ಪಿಎಚ್‌ಪಿಗೆ ಹೇಳಿದರೆ, ಬೇರೆ ಸೂಚನೆ ಕೊಡದಿದ್ದಲ್ಲಿ, ಅದು ಈ ಒಂದು ತುಂಡಿನ ಕಾರಣಕ್ಕೆ ಪಟ್ಟಿಯನ್ನೇ ಕೈಬಿಟ್ಟು ‘ಸುಳ್ಳು’ ಎಂಬ ಮೌಲ್ಯವನ್ನು ಹಿಂದಿರುಗಿಸುತ್ತದೆ. ಪರದೆ ಖಾಲಿ. ನೋಡುವವರಿಗೆ ಕಾಣುವುದು ಎಲ್ಲ ಹೋಬಳಿಗಳೂ ಮಾಯವಾದದ್ದು. ಕಾರಣ ಒಂದೇ ಹೆಸರಿನ ಬಾಲದಲ್ಲಿ ತುಂಡಾದ ಎರಡು ಬೈಟು.

ಭಾರತೀಯ ತರ್ಕಶಾಸ್ತ್ರದ ಪಾಠವೂ ಒಂದು ಬೆಟ್ಟದಿಂದಲೇ ಶುರುವಾಗುತ್ತದೆ. ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಕಾಣುತ್ತಿದೆ, ಅಡುಗೆಮನೆಯಲ್ಲಿ ಕಂಡ ಹಾಗೆ. ನೈಯಾಯಿಕರು ಇಷ್ಟಕ್ಕೇ ನಿಲ್ಲಿಸಲಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಅದಕ್ಕೆ ಹಸಿ ಸೌದೆಯೂ ಇರಬೇಕು ಎಂದರು. ಹೊಗೆಯಂತೆ ಕಾಣುವುದೆಲ್ಲ ಹೊಗೆಯಲ್ಲ ಎಂದೂ ಎಚ್ಚರಿಸಿದರು. ಚಳಿಗಾಲದ ಬೆಳಗ್ಗೆ ನಂದಿಬೆಟ್ಟದ ಮಂಜನ್ನು ದೂರದಿಂದ ಕಂಡವರಿಗೆ ಈ ಎಚ್ಚರಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಸರ್ವರಿನ ಮುಂದೆ ಕೂತವರು ದಿನವೂ ಮಾಡುವುದು ಇದೇ ಅನುಮಾನ. ‘500’ ಎಂಬ ದೋಷಸಂಖ್ಯೆ ಬರಿಯ ಹೊಗೆ. ಅದು ಏನೋ ಕೆಟ್ಟಿದೆ ಎನ್ನುತ್ತದೆಯೇ ಹೊರತು ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎಂಬುದಕ್ಕೆ ಸರ್ವರಿನ ದಿನಚರಿಯಾದ ಲಾಗ್ ತೆರೆದು ಓದಲೇಬೇಕು.

ಕನ್ನಡದ ಮಟ್ಟಿಗೆ ಹೊಗೆಯಲ್ಲಿ ಮುಖ್ಯವಾಗಿ ಮೂರು ಬಗೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ನೋಡುವವರ ಯಂತ್ರದಲ್ಲಿ ಫಾಂಟ್ ಇಲ್ಲ ಅಷ್ಟೆ. ಮಾಹಿತಿಗೆ ಏನೂ ಆಗಿಲ್ಲ. ಕನ್ನಡದ ಬದಲು ಯುರೋಪಿನ ಅಕ್ಷರಗಳ ಸಾಲು, ಅದರಲ್ಲೂ ಪ್ರತಿ ಮೂರನೆಯ ಸ್ಥಾನದಲ್ಲಿ ತಲೆಯ ಮೇಲೆ ಓರೆಗೀಟಿರುವ ‘ಎ’ ಕಂಡರೆ, ಯುಟಿಎಫ್-8ರಲ್ಲಿ ಬರೆದದ್ದನ್ನು ಯಾರೋ ಲ್ಯಾಟಿನ್-1 ಎಂದು ಓದುತ್ತಿದ್ದಾರೆ. ಕನ್ನಡದ ಪ್ರತಿ ಗುರುತಿನ ಮೊದಲ ಬೈಟು 224, ಲ್ಯಾಟಿನ್-1ರಲ್ಲಿ ಆ ಸಂಖ್ಯೆಗೆ ಆ ‘ಎ’ ಕೂತಿದೆ. ಇನ್ನು ಮೂರನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಂಬಾಜಿದುರ್ಗದ ಜಾಗದಲ್ಲಿ ಸರಿಯಾಗಿ 11 ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದರೆ, ಯಾವುದೋ ಹಂತದಲ್ಲಿ ಯಂತ್ರ 11 ಗುರುತುಗಳನ್ನೂ ಸರಿಯಾಗಿಯೇ ಗುರುತಿಸಿದೆ, ಮುಂದಿನ ಹಂತದಲ್ಲಿ ಅವಕ್ಕೆ ಜಾಗವಿಲ್ಲದೆ ಒಂದೊಂದರ ಬದಲು ಒಂದೊಂದು ಪ್ರಶ್ನೆ ಬರೆದಿದೆ. ಡೇಟಾಬೇಸಿನೊಳಗೂ ಅವೇ ಚಿಹ್ನೆಗಳಿದ್ದರೆ ಮೂಲ ಹೋಯಿತು. ಎಣಿಕೆಯೇ ರೋಗನಿದಾನ.

ಎರಡನೆಯ ಬಗೆಯನ್ನು ನೈಯಾಯಿಕರು ಕಂಡಿದ್ದರೆ ಭ್ರಮೆಯನ್ನು ವಿವರಿಸುವ ತಮ್ಮ ಅನ್ಯಥಾಖ್ಯಾತಿ ವಾದಕ್ಕೆ ಅದನ್ನೇ ದೃಷ್ಟಾಂತ ಮಾಡಿಕೊಳ್ಳುತ್ತಿದ್ದರೇನೋ. ಹೊಳೆಯುವ ಕಪ್ಪೆಚಿಪ್ಪನ್ನು ಬೆಳ್ಳಿ ಎಂದು ಭ್ರಮಿಸುವಾಗ ಬೆಳ್ಳಿ ಎಂಬುದು ಶುದ್ಧ ಕಲ್ಪನೆಯಲ್ಲ, ಅದು ಬೇರೆಲ್ಲೋ ನಿಜವಾಗಿ ಇದೆ. ಇಲ್ಲಿ ಅದು ಇಲ್ಲದ ಕಡೆ ಕಾಣುತ್ತಿದೆ ಎಂಬುದು ಅವರ ವಾದ. ಓರೆಗೀಟಿನ ಆ ‘ಎ’ ಕೂಡ ಫ್ರೆಂಚ್ ಬರಹದಲ್ಲಿ ನಿಜವಾಗಿ ಇರುವ ಅಕ್ಷರ, ಚಿಂತಾಮಣಿಯ ಹೋಬಳಿಯ ಹೆಸರಿನಲ್ಲಿ ಬಂದು ಕೂತಿದೆ. ಚಿಪ್ಪು ಮಾತ್ರ ಎಲ್ಲಿಗೂ ಹೋಗಿಲ್ಲ. ಬೈಟುಗಳು ಇದ್ದಂತೆಯೇ ಇವೆ.

ಹೀಗಿರುವಾಗ ನಾಶ ಎಲ್ಲಿಂದ ಬರುತ್ತದೆ? ಬಹಳಷ್ಟು ಸಲ ಸರಿಪಡಿಸುವ ಆತುರದಿಂದ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. 2018ರಲ್ಲಿ 8.0 ಆವೃತ್ತಿ ಬರುವವರೆಗೂ, ಬೇರೆ ಹೇಳದಿದ್ದರೆ ಅದು ಲ್ಯಾಟಿನ್-1 ಲಿಪಿವ್ಯವಸ್ಥೆಯನ್ನೂ ಸ್ವೀಡಿಷ್ ಅಕಾರಾದಿಯನ್ನೂ ಇಟ್ಟುಕೊಳ್ಳುತ್ತಿತ್ತು. ಇದನ್ನು ಗಮನಿಸದೆ ಕನ್ನಡದ ತಾಣ ಕಟ್ಟಿದರೆ ವಿಚಿತ್ರವೊಂದು ನಡೆಯುತ್ತದೆ. ಪ್ರೋಗ್ರಾಂ ಯುಟಿಎಫ್-8 ಬೈಟುಗಳನ್ನು ಕಳಿಸುತ್ತದೆ, ಸಂಪರ್ಕ ಮಾತ್ರ ಇವು ಲ್ಯಾಟಿನ್-1 ಎನ್ನುತ್ತದೆ, ಡೇಟಾಬೇಸ್ ನಂಬಿ ಹಾಗೆಯೇ ಇಟ್ಟುಕೊಳ್ಳುತ್ತದೆ. ತೆಗೆಯುವಾಗ ಅದೇ ಸುಳ್ಳು ಹಿಂದುಮುಂದಾಗಿ ನಡೆದು ಪರದೆಯಲ್ಲಿ ಚೆಂದದ ಕನ್ನಡ ಮೂಡುತ್ತದೆ. ಎರಡು ಸುಳ್ಳುಗಳು ಒಂದನ್ನೊಂದು ಹೊಡೆದುಹಾಕಿ ವರ್ಷಗಟ್ಟಲೆ ಸತ್ಯದಂತೆ ಬಾಳುತ್ತವೆ.

ಒಂದು ದಿನ ತಿಳಿದವರೊಬ್ಬರು ಬಂದು ಸಂಪರ್ಕದ ಸುಳ್ಳನ್ನು ತಿದ್ದುತ್ತಾರೆ. ಅವರು ಮಾಡಿದ್ದು ಸರಿ. ಆದರೂ ಆ ಕ್ಷಣದಿಂದ ಹಳೆಯ ಹೆಸರುಗಳೆಲ್ಲ ಫ್ರೆಂಚ್ ಆಗುತ್ತವೆ. ಗಾಬರಿಯಲ್ಲಿ ಇಡೀ ಕೋಷ್ಟಕವನ್ನು ಯುಟಿಎಫ್-8ಗೆ ಪರಿವರ್ತಿಸು ಎಂಬ ಆಜ್ಞೆ ಕೊಟ್ಟರೆ, ಡೇಟಾಬೇಸ್ ಆ ತಪ್ಪು ಚಿಹ್ನೆಗಳನ್ನೇ ನಿಜವೆಂದು ನಂಬಿ ಮತ್ತೊಮ್ಮೆ ಬರೆಯುತ್ತದೆ, 33 ಬೈಟಿನ ಹೆಸರು ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸರಿಯಾದ ದಾರಿ ಬೇರೆ. ಆ ಅಂಕಣವನ್ನು ಮೊದಲು ‘ಇದು ಬರಹವಲ್ಲ, ಬರಿಯ ಬೈಟು’ ಎಂಬ ರೂಪಕ್ಕೆ ಇಳಿಸಿ, ಆಮೇಲೆ ‘ಈ ಬೈಟುಗಳು ಯುಟಿಎಫ್-8’ ಎಂದು ಘೋಷಿಸುವುದು. ಒಳಗಿನದನ್ನು ಅಲುಗಿಸದೆ ಡಬ್ಬಿಯ ಮೇಲಿನ ಚೀಟಿಯನ್ನಷ್ಟೇ ಬದಲಿಸಿದ ಹಾಗೆ.

ಇದಕ್ಕೊಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದು. ಕೌಂಟರಿನ ಮುಂದೆ ಜನ ಸಾಲಾಗಿ ನಿಂತಿರುವಾಗ, ಸರ್ವರ್ ಡೌನ್ ಎಂಬ ಮಾತು ಕೇಳಿ ಒಂದು ದಿನದ ಕೂಲಿ ಬಿಟ್ಟು ಬಂದವರು ಮರಳಿ ಹೋಗುತ್ತಿರುವಾಗ, ಚಿಪ್ಪು ಬೆಳ್ಳಿಯ ವಿಚಾರ ಯಾರಿಗೆ ಬೇಕು? ಮೊದಲು ಓಡಿಸಿ, ಆಮೇಲೆ ಯೋಚಿಸಿ ಎನ್ನುವವರಲ್ಲಿ ಜನರ ಬಗ್ಗೆ ಕಾಳಜಿ ಇದೆ. ಆದರೆ ಸೇವೆಯನ್ನು ಮತ್ತೆ ಎಬ್ಬಿಸುವುದು ಒಂದು ಕೆಲಸ, ದಾಖಲೆಯನ್ನು ತಿದ್ದುವುದು ಇನ್ನೊಂದು. ಲಾಗ್‌ಗಳನ್ನು ಎತ್ತಿಟ್ಟುಕೊಂಡು ಸರ್ವರನ್ನು ಮರುಚಾಲನೆ ಮಾಡಬಹುದು, ಹಿಂದಿನ ದಿನದ ಪ್ರೋಗ್ರಾಮಿಗೆ ಮರಳಬಹುದು. ಇವುಗಳಿಂದ ಯಾರ ಹೆಸರೂ ಅಳಿಯುವುದಿಲ್ಲ. ಆತುರ ಸಲ್ಲುವುದು ಅಲ್ಲಿಯವರೆಗೆ. ಕೋಷ್ಟಕದ ಲಕ್ಷ ಸಾಲುಗಳನ್ನು ಒಂದೇ ಆಜ್ಞೆಯಲ್ಲಿ ಬದಲಿಸುವ ಮುನ್ನ ಅದರ ಒಂದು ನಕಲು ಪ್ರತಿಯನ್ನು ತೆಗೆದಿಟ್ಟು, ಹತ್ತು ಸಾಲಿನ ಮೇಲೆ ಪ್ರಯೋಗಿಸಿ ನೋಡಲು ಅರ್ಧ ಗಂಟೆ ಸಾಕು.

ದೋಷಗಳಲ್ಲಿ ಅತ್ಯಂತ ನಿಶ್ಶಬ್ದವಾದದ್ದು ಮಾತ್ರ ಹೊಗೆಯನ್ನೇ ಕಾರುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಚೇಳೂರನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು. ಚಕಾರಕ್ಕೆ ‘ೇ’ ಎಂಬ ಒಂದೇ ಗುರುತು ಹಚ್ಚಬಹುದು, ಅಥವಾ ‘ೆ’ ಮತ್ತು ದೀರ್ಘದ ಗುರುತು ‘ೕ’ ಎರಡನ್ನು ಒಂದಾದ ಮೇಲೊಂದು ಇಡಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ ಬೇರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ದೀರ್ಘ ಪ್ರತ್ಯೇಕ ಆಕಾರವಾಗಿತ್ತು; ಅಲ್ಲಿಂದ ಪರಿವರ್ತನೆಯಾದ ಕಡತದಲ್ಲಿ ಎರಡನೆಯ ರೂಪ ಉಳಿದುಬಿಡಬಹುದು. ಹುಡುಕುವವರು ಮೊದಲ ರೂಪದಲ್ಲಿ ಟೈಪ್ ಮಾಡುತ್ತಾರೆ, ಬೈಟು ಬೈಟು ಹೋಲಿಸುವ ಪ್ರೋಗ್ರಾಂ ‘ದಾಖಲೆ ಇಲ್ಲ’ ಎನ್ನುತ್ತದೆ. ದೋಷಸಂಖ್ಯೆ ಇಲ್ಲ, ಲಾಗಿನಲ್ಲಿ ಸದ್ದಿಲ್ಲ. ಎರಡೂ ರೂಪಗಳನ್ನು ಒಂದಕ್ಕೆ ತರುವ ‘ನಾರ್ಮಲೈಸೇಶನ್’ ಎಂಬ ಕ್ರಮ ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಸಿದ್ಧವಾಗಿದೆ, ಆದರೂ ಕರೆದರೆ ಮಾತ್ರ ಬರುತ್ತದೆ.

ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನು, ಒಂದು ಪ್ರಮಾಣವೆಂದೇ ಒಪ್ಪಿದರು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ಆದರೆ ಒಂದು ಷರತ್ತು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದರೆ ಏನೂ ಸಿದ್ಧವಾಗದು. ಎರಡು ರೂಪಗಳ ಚೇಳೂರನ್ನು ಒಂದೇ ರೂಪದಲ್ಲಿ ಹುಡುಕುವ ಪ್ರೋಗ್ರಾಂ ಕತ್ತಲೆ ಕೋಣೆಯಲ್ಲಿ ನಿಂತು ‘ಇಲ್ಲ’ ಎನ್ನುತ್ತಿದೆ. 21ನೇ ಶತಮಾನದ ಆರಂಭದಲ್ಲಿ ಕರ್ನಾಟಕ ‘ಭೂಮಿ’ ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದ ರಾಜ್ಯ. ಕಾಗದದ ಕಾಲದಲ್ಲಿ ಮುನಿವೆಂಕಟಪ್ಪ, ಮುನಿ ವೆಂಕಟಪ್ಪ, ಮುನಿವೆಂಕಟ್ಟಪ್ಪ ಮೂವರೂ ಒಬ್ಬರೇ ಎಂದು ಊರಿನ ಶಾನುಭೋಗರಿಗೆ ಮುಖ ನೋಡಿಯೇ ಗೊತ್ತಿರುತ್ತಿತ್ತು. ಯಂತ್ರಕ್ಕೆ ಮುಖ ಕಾಣದು. ಅಷ್ಟು ದೊಡ್ಡ ಕಣಜದ ಮುಂದೆ ನಿಂತು ‘ಇಲ್ಲ’ ಎನ್ನುವ ಪ್ರೋಗ್ರಾಂ ಯಾವುದೇ ಇರಲಿ, ಅದಕ್ಕೆ ಆ ಮಾತಿನ ಅರ್ಹತೆ ಇದೆಯೇ ಎಂದು ಕೇಳುವ ಹಕ್ಕು ಸಾಲಿನಲ್ಲಿ ನಿಂತವರಿಗಿದೆ.

ಆ ಹಕ್ಕು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣ ಸಾಕ್ಷಿ. 1999ರಿಂದ ಅಲ್ಲಿನ ಅಂಚೆ ಶಾಖೆಗಳಲ್ಲಿ ಜಾರಿಗೆ ಬಂದ ಆ ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಗಳನ್ನು ತೋರಿಸಿತು. ಶಾಖೆಗಳನ್ನು ನೋಡಿಕೊಳ್ಳುತ್ತಿದ್ದ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕದ ಆರೋಪಗಳಲ್ಲಿ ಶಿಕ್ಷೆಯಾಯಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂಬುದು ಅಲ್ಲಿನ ನ್ಯಾಯಾಲಯಗಳ ಪೂರ್ವಗ್ರಹಿಕೆಯಾಗಿತ್ತು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ, ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಿದ್ದು 2024ರ ಮೇ ತಿಂಗಳಲ್ಲಿ. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬಲ್ಲಿ 2015ರಲ್ಲಿ ಕಂಡ ದೋಷ ತೀರಾ ಸರಳವಾಗಿತ್ತು. 8,000 ಪೌಂಡ್ ದಾಖಲಿಸುವಾಗ ಪರದೆ ಕದಲಲಿಲ್ಲ, ಕೂತಿದ್ದವರು ಮತ್ತೆ ಮತ್ತೆ ಎಂಟರ್ ಒತ್ತಿದರು, ಒತ್ತಿದಷ್ಟೂ ಸಲ ಹೊಸ ದಾಖಲೆಯಾಗಿ 24,000 ಪೌಂಡಿನ ಸುಳ್ಳು ಕೊರತೆ ಹುಟ್ಟಿತು.

ನೆಟ್‌ವರ್ಕ್ ಸಿಗದ ಊರುಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿಗೆ ಮೊಬೈಲಿನಿಂದ ಹಣ ಕಟ್ಟುವ ರೀಲರ್, ಚಕ್ರ ತಿರುಗುತ್ತಲೇ ಇದ್ದರೆ, ಇನ್ನೊಮ್ಮೆ ಒತ್ತಿಯೇ ಒತ್ತುತ್ತಾರೆ. ಅದು ಅವರ ತಪ್ಪಲ್ಲ. ಪ್ರತಿ ಪಾವತಿಗೂ ಮೊದಲೇ ಒಂದು ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಹೊಸ ಪಾವತಿ ಎಂದು ಎಣಿಸದಿರುವುದು ಪ್ರೋಗ್ರಾಂ ಬರೆಯುವವರ ಕೆಲಸ. ಜನ್ಮದಿನಾಂಕವನ್ನು ನಡುರಾತ್ರಿಯ ಗಳಿಗೆಯಾಗಿ ಉಳಿಸಿದಾಗ ಅದು ಒಂದು ದಿನ ಹಿಂದೆ ಸರಿಯುವ ದೋಷವೂ ಇದೇ ಜಾತಿಯದು. ಭಾರತದ ನಡುರಾತ್ರಿ ಲಂಡನ್ನಿನ ಗ್ರೀನ್‌ವಿಚ್ ಲೆಕ್ಕದಲ್ಲಿ ಹಿಂದಿನ ದಿನದ ಸಂಜೆ 6.30. ಹುಟ್ಟಿದ ದಿನಕ್ಕೆ ಗಡಿಯಾರವೇ ಬೇಕಿಲ್ಲ, ದಿನಾಂಕವನ್ನು ದಿನಾಂಕವಾಗಿಯೇ ಇಟ್ಟರೆ ಸಾಕು.

ಎರಡು ಓದುಗಳ ನಡುವೆ ಬದುಕುವುದು ಚಿಂತಾಮಣಿ ಸೀಮೆಗೆ ಹೊಸತಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು, ಇಲ್ಲಿನ ಎಷ್ಟೋ ಮನೆಗಳ ಒಳಗಿನ ಮಾತು ತೆಲುಗು, ಹೊರಗಿನ ಬರಹ ಕನ್ನಡ. ಯುನಿಕೋಡಿನಲ್ಲೂ ತೆಲುಗಿನ ಮಗ್ಗುಲಿಗೇ ಕನ್ನಡ. ತೆಲುಗಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ನಡುವೆ ಸರಿಯಾಗಿ 128 ಸ್ಥಾನಗಳ ಅಂತರ. ಒಬ್ಬರು ಹೇಳಿದ್ದು ಯಾವ ಭಾಷೆಯಲ್ಲಿ ಎಂದು ಗಮನಿಸಿ ಉತ್ತರಿಸುವುದು ಚಿಂತಾಮಣಿ ಸಂತೆಯಲ್ಲಿ ಬೆಳೆದವರಿಗೆ ರೂಢಿಯಿಂದ ಬಂದಿರುತ್ತದೆ. ಸರ್ವರಿಗೆ ಅದನ್ನು ಬರೆದು ಹೇಳಬೇಕು.

ಹಾಗೆ ಹೇಳಿದ್ದೇವೆಯೇ ಎಂದು ನೋಡಲು ಪರೀಕ್ಷೆಯೊಂದನ್ನು ಈ ತಾಲ್ಲೂಕುಗಳ ಹೆಸರುಗಳಿಂದಲೇ ಕಟ್ಟಬಹುದು. ಅಂಬಾಜಿದುರ್ಗ, ಚಿಲಕಲನೇರ್ಪು, ಮುರುಗಮಲ್ಲ, ಶಿಡ್ಲಘಟ್ಟ, ಎರಡೂ ರೂಪಗಳ ಚೇಳೂರು. ಇವುಗಳನ್ನು ಪುಟದಲ್ಲಿ ತುಂಬಿ, ಉಳಿಸಿ, ಹುಡುಕಿ, ಕತ್ತರಿಸಿ, ಮರಳಿ ತೆಗೆದು, ಕಳಿಸಿದ ಬೈಟುಗಳನ್ನು ಬಂದ ಬೈಟುಗಳೊಂದಿಗೆ ಹೋಲಿಸುವುದು. ಹುಡುಕಾಟ ಬರಿಗೈಯಲ್ಲಿ ಮರಳಿದಾಗ ಪರದೆಯ ಮೇಲಿನ ವಾಕ್ಯ ‘ದಾಖಲೆ ಇಲ್ಲ’ ಎಂದಿರದೆ, ಯಾವ ಹೆಸರನ್ನು ಯಾವ ಹೋಬಳಿಯಲ್ಲಿ ಹುಡುಕಿತು, ಹತ್ತಿರದ ಯಾವ ಹೆಸರುಗಳು ಸಿಕ್ಕವು ಎಂಬುದನ್ನು ಕನ್ನಡದಲ್ಲಿ ತೋರಿಸುವುದು. ಆ ಹತ್ತಿರದ ಹೆಸರುಗಳಲ್ಲಿ ತನ್ನ ತಂದೆಯದನ್ನು ಗುರುತಿಸಲು ಕೌಂಟರಿನ ಆಚೆ ನಿಂತ ಮುದುಕನಿಗೆ ಒಂದು ಕ್ಷಣ ಸಾಕು.