ಹಾಡುಗಳ ತೂಕ ಮತ್ತು ಅಚೌರ್ಯಾಣುವ್ರತ

ಸಾಗರದ ಮಾರಿಕಾಂಬಾ ಜಾತ್ರೆಯಾಗಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಾಗಲಿ, ಹೊಸನಗರದ ಗಣೇಶೋತ್ಸವವಾಗಲಿ, ರಾತ್ರಿಯ ರಸಮಂಜರಿ ಮುಗಿದು ಜನರು ಮನೆಗೆ ಮರಳುವ ವೇಳೆಗೆ ಒಂದು ವಾದ ಹುಟ್ಟಿಕೊಳ್ಳುವುದುಂಟು. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕಾಲದ ಹಾಡುಗಳ ಮುಂದೆ ಇಂದಿನವು ಹಾಡುಗಳೇ ಅಲ್ಲವೆಂದು ಹಿರಿಯರು ತೀರ್ಪು ನೀಡುತ್ತಾರೆ. ಹಳೆಯವು ನಿದ್ರೆ ತರಿಸುವಂಥವೆಂದು ಕಿರಿಯರು ಮಾರ್ನುಡಿಯುತ್ತಾರೆ. ವಾದ ಬೆಳೆದಂತೆ, ಅತ್ಯುತ್ತಮವಾದ ಹತ್ತು ಹಾಡುಗಳು ಯಾವುವು, ಅವುಗಳಲ್ಲಿ ಮೊದಲನೆಯದು ಯಾವುದು ಎಂಬ ಪಟ್ಟಿಯೂ ಸಿದ್ಧವಾಗುತ್ತದೆ. ಇದು ಕೇವಲ ಕಾಲಹರಣದ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೆ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇರಿಸುವ ಪ್ರತಿಯೊಂದು ಮಾತೂ ಒಂದು ತೂಕವೇ ಆಗಿದೆ. ತೂಗುವವನಿಗೆ ಒಂದು ಧರ್ಮವಿದೆ. ಆದ್ದರಿಂದ ಈ ವಿಷಯವನ್ನು ನೀತಿಯ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದು.

ಶ್ರಾವಕನ ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಹೀನಾಧಿಕಮಾನೋನ್ಮಾನ. ಕೊಳ್ಳುವಾಗ ಹೆಚ್ಚಿನ ಅಳತೆ, ಕೊಡುವಾಗ ಕಡಿಮೆಯ ಅಳತೆ ಬಳಸುವುದೆಂದು ಅದರ ಅರ್ಥ. ಇದು ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸುವ ಮಾತೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಒಬ್ಬನಿಗೆ ಸಲ್ಲಬೇಕಾದದ್ದು ಹಣ, ಧಾನ್ಯ ಮಾತ್ರವಲ್ಲ; ಅವನ ಶ್ರಮಕ್ಕೆ ತಕ್ಕ ಮನ್ನಣೆಯೂ ಸಲ್ಲಬೇಕು. ನಮಗೆ ಪ್ರಿಯವಾದದ್ದನ್ನು ಒಂದು ಅಳತೆಯಿಂದಲೂ ಅನ್ಯರಿಗೆ ಪ್ರಿಯವಾದದ್ದನ್ನು ಬೇರೊಂದು ಅಳತೆಯಿಂದಲೂ ತೂಗಿದರೆ, ಸಲ್ಲಬೇಕಾದದ್ದನ್ನು ತಡೆಹಿಡಿದಂತೆಯೇ ಸರಿ. ಹಾಡುಗಳನ್ನು ಕುರಿತ ನಮ್ಮ ವಾದಗಳಲ್ಲಿ ಈ ದೋಷ ಎಲ್ಲೆಲ್ಲಿ ನುಸುಳುತ್ತದೆಂಬುದನ್ನು ನೋಡೋಣ.

ಮೊದಲನೆಯದು ಕಾಲದಿಂದ ಬರುವ ಅಸಮತೆ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡಿಗರು ಕಂಡ ಮೊದಲ ಕನ್ನಡ ವಾಕ್ಚಿತ್ರ. ಅದರಲ್ಲಿ ಹಾಡುಗಳಿದ್ದವು; ಇಂದು ಆ ಚಿತ್ರದ ಪ್ರತಿಯೇ ಉಳಿದಿಲ್ಲ. ಅನಂತರದ ದಶಕಗಳ ಚಿತ್ರಗಳಲ್ಲಿಯೂ ಎಷ್ಟೋ ಹಾಡುಗಳು ಬಂದು ಹೋದವು. ಅವುಗಳಲ್ಲಿ ಸಪ್ಪೆಯಾದವೂ ಇದ್ದವು, ಅನ್ಯಭಾಷೆಯ ಮಟ್ಟನ್ನು ಹಾಗೆಯೇ ಎರವಲು ಪಡೆದವೂ ಇದ್ದವು. ಜನರ ನಾಲಿಗೆ ಅವುಗಳನ್ನು ಕೈಬಿಟ್ಟಿತು. ಉಳಿದ ಕೆಲವನ್ನು ಹಿಡಿದು ‘ಆ ಕಾಲವೇ ಹಾಗಿತ್ತು’ ಎನ್ನುತ್ತೇವೆ. ಇದು ಹುಳುಕನ್ನೂ ಒಡಕನ್ನೂ ಆರಿಸಿ ತೆಗೆದು ಉಗ್ರಾಣದಲ್ಲಿಟ್ಟ ಹಳೆಯ ಅಡಿಕೆಯನ್ನು, ಅಂಗಳದಿಂದ ಈಗತಾನೆ ಬಾಚಿದ ಹೊಸ ಫಸಲಿನೊಡನೆ ಹೋಲಿಸಿದಂತೆ. ಹೊಸ ಫಸಲನ್ನು ಇನ್ನೂ ಯಾರೂ ಆರಿಸಿಲ್ಲ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಮೊಬೈಲಿನಲ್ಲಿ ಕಾಳು ಜೊಳ್ಳು ಕೂಡಿಯೇ ನಮ್ಮ ಕಿವಿಗೆ ಬೀಳುತ್ತವೆ. ಅದರಲ್ಲಿನ ಜೊಳ್ಳನ್ನು ತೋರಿಸಿ ಇಡೀ ಫಸಲಿಗೆ ಬೆಲೆ ಕಟ್ಟುವುದು ನ್ಯಾಯವಲ್ಲ.

ಕಿರಿಯರ ತಕ್ಕಡಿಯೂ ನೇರವಾಗಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಪಲ್ಲವಿ, ಚರಣ, ನಡುವಣ ವಾದ್ಯಭಾಗ ಎಲ್ಲವನ್ನೂ ಸಂಗೀತ ನಿರ್ದೇಶಕರು ಆ ಮೂರು ನಿಮಿಷಗಳಲ್ಲಿ ಅಡಕಗೊಳಿಸಬೇಕಾಗಿತ್ತು. ಗಾಯಕರೂ ವಾದ್ಯಗಾರರೂ ಒಟ್ಟಿಗೆ ನಿಂತು ಹಾಡಿ ನುಡಿಸುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಾಗಿತ್ತು. ಇಂದು ಪ್ರತಿಯೊಂದು ದನಿಯನ್ನೂ ಬೇರೆಬೇರೆಯಾಗಿ ಮುದ್ರಿಸಿ ತಿದ್ದುವ ಅನುಕೂಲವಿದೆ. ಸವೆದ ಧ್ವನಿಸುರುಳಿಯ ಕರಕರ ಸದ್ದನ್ನು ಕೇಳಿ ಹಾಡೇ ಹಳಸಿತೆನ್ನುವ ತರುಣನು ವಾಸ್ತವವಾಗಿ ತೂಗುತ್ತಿರುವುದು ಯಂತ್ರವನ್ನು, ಹಾಡನ್ನಲ್ಲ.

ಎರಡನೆಯದು ಹೆಸರಿನ ಗೊಂದಲ. ‘ಹಳೆಯದು’, ‘ಹೊಸದು’ ಎಂಬ ಪದಗಳು ವಸ್ತುವಿಗೆ ಅಂಟಿದ ಗುಣಗಳಲ್ಲ. ಅವು ನೋಡುವವನ ವಯಸ್ಸಿನೊಡನೆ ಸರಿಯುತ್ತವೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರು ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಬಗೆದು, ಆಕಾಶವಾಣಿಯಲ್ಲಿ ಅವುಗಳ ಪ್ರಸಾರವನ್ನು ಬಹುವಾಗಿ ಮೊಟಕುಗೊಳಿಸಿದರು. ಕೇಳುಗರು ರೇಡಿಯೋ ಸಿಲೋನಿನತ್ತ ತಿರುಗಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಆರಂಭವಾಯಿತು. ಅಂದು ಕೀಳೆಂದು ಹೊರಗಿಡಲ್ಪಟ್ಟ ಆ ಗೀತೆಗಳನ್ನೇ ನಾವು ಇಂದು ಸುವರ್ಣಯುಗದವೆನ್ನುತ್ತೇವೆ. ನಮ್ಮ ಕನ್ನಡದಲ್ಲಿಯೂ 1987ರಲ್ಲಿ ಹಂಸಲೇಖ ಅವರ ಸಾಹಿತ್ಯ ಮತ್ತು ಸಂಗೀತದೊಡನೆ ‘ಪ್ರೇಮಲೋಕ’ ಬಂದಾಗ, ಆಡುಮಾತಿನ ಧಾಟಿಯ ಆ ಹಾಡುಗಳನ್ನು ಕೇಳಿ ಹುಬ್ಬುಗಂಟಿಕ್ಕಿದ ಹಿರಿಯರು ಎಷ್ಟೋ ಮಂದಿ. ಅಂದು ಅವುಗಳನ್ನು ಗುನುಗಿದ ತರುಣರೇ ಇಂದು ಐವತ್ತು ದಾಟಿ, ‘ನಮ್ಮ ಕಾಲದ ಹಾಡೇ ಹಾಡು’ ಎಂದು ತಮ್ಮ ಮಕ್ಕಳಿಗೆ ಉಪದೇಶಿಸುತ್ತಿದ್ದಾರೆ.

ಶಿಶುನಾಳ ಷರೀಫರ ಪದಗಳನ್ನೇ ನೋಡಿರಿ. ಷರೀಫರ ಕಾಲ 1819ರಿಂದ 1889. ಆದರೆ ನಮ್ಮ ಊರುಗಳ ವೇದಿಕೆಗಳಲ್ಲಿ ‘ಹಳೆಯ ಪದ’ವೆಂದು ಹಾಡಲ್ಪಡುವ ಹಲವು ಧಾಟಿಗಳು ಸಿ. ಅಶ್ವಥ್ ಅವರಿಂದ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ರಚಾರಕ್ಕೆ ಬಂದವು. ನುಡಿ ಹಳೆಯದು, ಮಟ್ಟು ಹೊಸದು. ಇಂಥ ಹಾಡನ್ನು ಯಾವ ಪಟ್ಟಿಗೆ ಸೇರಿಸೋಣ? ದ್ರವ್ಯವು ಉಳಿದು ಪರ್ಯಾಯವು ಬದಲಾಗುತ್ತದೆಂಬ ತತ್ತ್ವವನ್ನು ಬಲ್ಲ ನಮಗೆ, ಹಳತು ಹೊಸತುಗಳು ಒಂದೇ ಹಾಡಿನಲ್ಲಿ ಕೂಡಿರುವುದು ಆಶ್ಚರ್ಯವಾಗಬಾರದು.

ಮೂರನೆಯದು ಪ್ರಯೋಜನವನ್ನು ಮರೆಯುವುದು. ಅಡಿಕೆಯ ವ್ಯಾಪಾರದಲ್ಲಿ ದರ್ಜೆಗಳಿಲ್ಲವೆಂದಲ್ಲ. ತೀರ್ಥಹಳ್ಳಿಯ ಕಡೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದೂ, ಸಾಗರದ ಮಾರುಕಟ್ಟೆಯಲ್ಲಿ ಚಾಲಿ, ಸಿಪ್ಪೆಗೋಟು, ಕೆಂಪುಗೋಟು ಎಂದೂ ಬೇರೆಬೇರೆ ಧಾರಣೆಗಳಿವೆ. ಹಸಿಯಡಿಕೆಯನ್ನು ಸುಲಿದು ಬೇಯಿಸಿದರೆ ಒಂದು, ಹಣ್ಣಡಿಕೆಯನ್ನು ಸಿಪ್ಪೆಯೊಡನೆ ಒಣಗಿಸಿ ಸುಲಿದರೆ ಇನ್ನೊಂದು. ಚಾಲಿಯನ್ನು ಚಾಲಿಯೊಡನೆ ಹೋಲಿಸಿ ದರ್ಜೆ ಹೇಳಬಹುದು. ಚಾಲಿಗೆ ರಾಶಿಯ ಬಣ್ಣವಿಲ್ಲವೆಂದು ದೂರುವವನನ್ನು ಮಂಡಿಯಲ್ಲಿ ಯಾರೂ ವ್ಯಾಪಾರಿಯೆಂದು ಎಣಿಸುವುದಿಲ್ಲ.

ಜೋಗವನ್ನು ಕುರಿತ ಹಾಡುಗಳು ಇದಕ್ಕೆ ನಮ್ಮ ಸೀಮೆಯದೇ ಉದಾಹರಣೆ. ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವು ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆಯಲ್ಲಿ 1978ರಲ್ಲಿ ಧ್ವನಿಸುರುಳಿಯಾಗಿ ಮನೆಮನೆಗೆ ಬಂದಿತು. 1992ರ ‘ಜೀವನಚೈತ್ರ’ದಲ್ಲಿ ಉಪೇಂದ್ರಕುಮಾರ್ ಅವರ ಸಂಗೀತದಲ್ಲಿ ರಾಜಕುಮಾರ್ ಅವರು ಜೋಗದ ಹಾಡನ್ನು ಹಾಡಿದರು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯು ಮನೋಮೂರ್ತಿ ಅವರ ಸಂಗೀತದೊಡನೆ ಜೋಗದ ಮಳೆಯನ್ನು ಹೊಸ ತಲೆಮಾರಿಗೆ ತೋರಿಸಿತು. ಮೊದಲನೆಯದು ನಾಡಿಗೆ ಸಲ್ಲಿಸುವ ವಂದನೆ. ಶಾಲೆಯ ಮಕ್ಕಳು ಸಾಲಾಗಿ ನಿಂತು ಹಾಡಲು ತಕ್ಕದ್ದು. ಎರಡನೆಯದು ಜಾನಪದದ ನಡೆಯಲ್ಲಿ ಬೆರಗನ್ನೂ ಬಾಳಿನ ವಿಚಾರವನ್ನೂ ಬೆಸೆಯುವಂಥದು. ಮೂರನೆಯದು ಒಬ್ಬ ತರುಣನ ಅಂತರಂಗದ ಪ್ರೇಮ. ಒಂದು ಜಲಪಾತವನ್ನು ಮೂವರು ಮೂರು ಬದಿಯಿಂದ ಕಂಡಿದ್ದಾರೆ. ಇವುಗಳಲ್ಲಿ ಯಾವುದು ಮೇಲೆಂದು ಕೇಳುವವನು ಮೊದಲು ಯಾವ ಸಂದರ್ಭಕ್ಕೆ, ಯಾರ ಬಾಯಿಗೆ ಎಂಬುದನ್ನು ಹೇಳಬೇಕು.

ಪ್ರಯೋಜನವನ್ನು ಹೇಳಿಕೊಂಡಾಗ ಆಯ್ಕೆ ಮಾಡುವುದು ತಪ್ಪಲ್ಲ, ಕೆಲವೊಮ್ಮೆ ಅನಿವಾರ್ಯವೂ ಹೌದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಗೀತೆಯು 2004ರಲ್ಲಿ ನಾಡಗೀತೆಯಾಯಿತು. ಅದನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಹಾಡಬೇಕೋ ಸಿ. ಅಶ್ವಥ್ ಅವರ ಧಾಟಿಯಲ್ಲಿ ಹಾಡಬೇಕೋ ಎಂಬ ವಿವಾದ ಬಹುಕಾಲ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರವು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳೊಳಗೆ ಹಾಡಬೇಕೆಂದು ಆದೇಶಿಸಿತು. ನಾಡಿನವರೆಲ್ಲ ಒಂದೇ ರೀತಿಯಲ್ಲಿ ಹಾಡಬೇಕಾದರೆ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಇದರಿಂದ ಅಶ್ವಥ್ ಅವರ ಸಂಯೋಜನೆಯ ಸತ್ತ್ವ ಕುಂದಲಿಲ್ಲ. ಒಂದು ನಿರ್ದಿಷ್ಟ ಉಪಯೋಗಕ್ಕೆ ಇನ್ನೊಂದನ್ನು ಆರಿಸಲಾಯಿತು, ಅಷ್ಟೆ. ಆಯ್ಕೆಯನ್ನು ಅವಮಾನವಾಗಿ ಮಾಡುವುದು ಅಭಿಮಾನಿಗಳ ಮಾತೇ ಹೊರತು ಆಯ್ಕೆಯಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಹಾಗಾದರೆ ಎಲ್ಲ ಹಾಡುಗಳೂ ಸಮಾನವೇ? ಉತ್ತಮ, ಅಧಮ ಎಂಬುದೇ ಇಲ್ಲವೇ? ಖಂಡಿತವಾಗಿ ಇದೆ. ಅನೇಕಾಂತವೆಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ‘ಸ್ಯಾತ್’ ಎಂಬ ಪದವು ಮಾತನ್ನು ಸಡಿಲಗೊಳಿಸುವುದಿಲ್ಲ, ಯಾವ ಅಪೇಕ್ಷೆಯಿಂದ ಎಂಬುದನ್ನು ಗೊತ್ತುಮಾಡಿ ಅದನ್ನು ಬಿಗಿಗೊಳಿಸುತ್ತದೆ. ‘ಈ ಹಾಡು ಕೆಟ್ಟದ್ದು’ ಎನ್ನುವುದಕ್ಕಿಂತ ‘ಈ ಹಾಡಿನ ಸಾಹಿತ್ಯ ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಟ್ಟಿದೆ’ ಎನ್ನುವುದು ಹೆಚ್ಚು ಹೊಣೆಯ ಮಾತು, ಏಕೆಂದರೆ ಅದನ್ನು ಪರೀಕ್ಷಿಸಬಹುದು. ಸ್ತ್ರೀಯರನ್ನು ಹೀನವಾಗಿ ಕಾಣುವ, ಕುಡಿತವನ್ನೂ ಹೊಡೆದಾಟವನ್ನೂ ಕೊಂಡಾಡುವ ಹಾಡುಗಳನ್ನು ಶ್ರಾವಕನು ದೂರವಿಡಬೇಕೆಂಬುದು ನಿರ್ವಿವಾದ; ಸಮಂತಭದ್ರ ಆಚಾರ್ಯರು ಅನರ್ಥದಂಡಗಳಲ್ಲಿ ದುಃಶ್ರುತಿಯನ್ನು ಎಣಿಸಿರುವುದು ಇದಕ್ಕಾಗಿಯೇ. ಆದರೆ ಈ ಒರೆಗಲ್ಲನ್ನು ಹಳೆಯ ಚಿತ್ರಗಳ ಕ್ಯಾಬರೆ ಹಾಡುಗಳಿಗೂ ಹಿಡಿಯಬೇಕು. ಇಂದಿನದನ್ನು ಅಶ್ಲೀಲವೆಂದು ಜರೆದು, ಅಂದಿನ ಅಂಥದೇ ಹಾಡಿಗೆ ತಾಳ ಹಾಕಿದರೆ ಅದೇ ಹೀನಾಧಿಕಮಾನೋನ್ಮಾನ.

ಇಷ್ಟಕ್ಕೂ ಇದರಿಂದಾಗುವ ಹಾನಿಯೇನು? ಪರಿಚಿತರ ಮನೆಯೊಂದರಲ್ಲಿ ಬಾಲಕಿಯೊಬ್ಬಳು ಅಡುಗೆಮನೆ, ಅಂಗಳಗಳಲ್ಲಿ ಓಡಾಡುತ್ತಾ ಹಾಡುತ್ತಿದ್ದಳು. ಹಾಡು ಮುಗಿದಾಗಲೆಲ್ಲ ಅವಳ ಅಜ್ಜ ‘ಇದೂ ಒಂದು ಹಾಡೇ?’ ಎನ್ನುತ್ತಿದ್ದರು. ಕ್ರಮೇಣ ಅವಳು ಮನೆಯಲ್ಲಿ ಹಾಡುವುದನ್ನು ಬಿಟ್ಟಳು. ಕಿವಿಗೆ ತಂತಿ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ಕೇಳತೊಡಗಿದಳು. ಅಜ್ಜನು ಸಂಜೆ ಹಾಕುತ್ತಿದ್ದ ಹಳೆಯ ಹಾಡುಗಳು ಅಂದಿನಿಂದ ಅವಳ ಕಿವಿಗೂ ಬೀಳಲಿಲ್ಲ. ಹಳೆಯದನ್ನು ಕಾಪಾಡಬೇಕೆಂದು ಆಡಿದ ಮಾತು, ಅದಕ್ಕಿದ್ದ ವಾರಸುದಾರಳನ್ನೇ ದೂರಮಾಡಿತು. ಯಾವ ಹಾಡೂ ತಟ್ಟೆಯಲ್ಲಾಗಲಿ ಪಟ್ಟಿಯಲ್ಲಾಗಲಿ ಬದುಕುವುದಿಲ್ಲ. ಮುಂದಿನವರ ಬಾಯಲ್ಲಿ ಬದುಕುತ್ತದೆ. ಆ ಬಾಯಿಯನ್ನು ಮುಚ್ಚಿಸಿದವರು ತಾವು ಪ್ರೀತಿಸಿದ ಹಾಡಿಗೇ ಅಪಕಾರ ಮಾಡುತ್ತಾರೆ.

2020ರಲ್ಲಿ ನಿಧನರಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ‘ಎದೆ ತುಂಬಿ ಹಾಡುವೆನು’ ದೂರದರ್ಶನ ಸ್ಪರ್ಧೆಯಲ್ಲಿ ಮಕ್ಕಳ ಹಾಡನ್ನು ಆಲಿಸುತ್ತಿದ್ದ ರೀತಿ ಇಲ್ಲಿ ಸ್ಮರಣೀಯ. ಅಲ್ಲಿಯೂ ಅಂಕಗಳಿದ್ದವು, ಗೆಲುವು ಸೋಲುಗಳಿದ್ದವು. ಆದರೆ ಸ್ವರ, ಉಚ್ಚಾರ, ಭಾವಗಳನ್ನು ಕುರಿತು ಮಗುವಿಗೆ ತಿಳಿಯುವಂತೆ ಪ್ರೀತಿಯಿಂದ ಹೇಳುತ್ತಿದ್ದರು. ತೂಗಿದ್ದುಂಟು, ಕುಗ್ಗಿಸಿದ್ದಿಲ್ಲ.

ನಮ್ಮ ಕುಟುಂಬಗಳೂ, ಹಬ್ಬದ ದಿನಗಳಲ್ಲಿ ಗಾಯನಸ್ಪರ್ಧೆ ಏರ್ಪಡಿಸುವ ಬಸದಿಗಳ ಟ್ರಸ್ಟುಗಳೂ ಇದನ್ನು ಅನುಸರಿಸಬಹುದು. ಸ್ಪರ್ಧೆಗೆ ಮುಂಚೆಯೇ ಯಾವ ಅಂಶಕ್ಕೆ ಎಷ್ಟು ಅಂಕವೆಂದು ಪ್ರಕಟಿಸಿ, ಭಕ್ತಿಗೀತೆ, ಭಾವಗೀತೆ, ಚಿತ್ರಗೀತೆಗಳನ್ನು ಬೇರೆಬೇರೆ ವಿಭಾಗಗಳಲ್ಲಿ ಇರಿಸಲಿ. ಮನೆಯಲ್ಲಿ ಹಿರಿಯರು ಒಂದು ಹಳೆಯ ಹಾಡನ್ನು ಕೇಳಿಸುವ ಮೊದಲು, ಕಿರಿಯರು ಮೆಚ್ಚಿದ ಒಂದು ಹೊಸ ಹಾಡನ್ನು ಕೊನೆಯವರೆಗೆ ಕೇಳಲಿ. ಕಿರಿಯರೂ ಹಾಗೆಯೇ ಮಾಡಲಿ. ಆ ಬಳಿಕ ಭಿನ್ನಾಭಿಪ್ರಾಯ ಉಳಿದರೆ ಉಳಿಯಲಿ. ಅಂಗಡಿಯ ತೂಕದ ಕಲ್ಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರಿಗಳಿದ್ದಾರೆ. ನಾಲಿಗೆಯ ತೂಕವನ್ನು ಪರೀಕ್ಷಿಸಲು ಯಾರೂ ಬರುವುದಿಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.