ಆಪ್ತನೆಂದರೆ ಯಾರು?

ದುಃಖವಿಲ್ಲದ ಮನೆಯಿಲ್ಲ. ಇದು ಎಲ್ಲ ಊರುಗಳಿಗೂ ಸಲ್ಲುವ ಮಾತಾದರೂ ನಗರದ ದುಃಖಕ್ಕೆ ಒಂದು ವಿಶೇಷವಿದೆ. ಅದನ್ನು ಕೇಳುವ ಕಿವಿಗಳು ಕಡಿಮೆ. ಊರಿನಲ್ಲಿ ಜಗಲಿಯಿತ್ತು, ದೇವಾಲಯದ ಪೌಳಿಯಿತ್ತು, ಸಂಜೆ ಬಂದು ಕುಳಿತುಹೋಗುವ ನೆರೆಯವರಿದ್ದರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಗೃಹಸ್ಥನಾದರೋ ಲೋಕಲ್ ಗಾಡಿಯಲ್ಲಿ ನೂರಾರು ಜನರ ನಡುವೆ ಒತ್ತಿ ನಿಂತಿದ್ದರೂ ಮನಸ್ಸಿನ ಮಾತನ್ನು ಹೇಳಿಕೊಳ್ಳಲು ಒಬ್ಬನನ್ನೂ ಕಾಣದೆ ರಾತ್ರಿ ಮನೆಗೆ ಮರಳುತ್ತಾನೆ. ಇಂಥವನು ಗುರುವಾರದ ಮಂಗಳಾರತಿಗೆ ಬಂದು, ತೀರ್ಥ ಸ್ವೀಕರಿಸಿ, ನಮ್ಮ ಪಕ್ಕದಲ್ಲಿ ಕುಳಿತು ತನ್ನ ಕಷ್ಟವನ್ನು ತೋಡಿಕೊಂಡರೆ ನಮ್ಮ ಕರ್ತವ್ಯವೇನು?

ನಾಲ್ಕು ಒಳ್ಳೆಯ ಮಾತು ಹೇಳಬೇಕೆಂಬುದು ಎಲ್ಲರ ಉತ್ತರ. ನಾನೂ ಹಾಗೆಯೇ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಡೊಂಬಿವಲಿಯಲ್ಲಿ, ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಪ್ರಾರಬ್ಧಕರ್ಮವನ್ನು ಅನುಭವಿಸಿಯೇ ತೀರಬೇಕು, ಋಣ ಮುಗಿಯಿತು ಎಂದೆಲ್ಲ ಹೇಳಿದೆ. ಅವರು ತಲೆಯಾಡಿಸಿದರು. ನನ್ನ ಕರ್ತವ್ಯ ಮುಗಿಯಿತೆಂದು ಎದ್ದುಬಂದೆ. ಬಹುದಿನಗಳ ಮೇಲೆ ಅವರು ಪರಿಚಿತರೊಬ್ಬರಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿತ್ತು: "ಬಂದವರೆಲ್ಲ ಶಾಸ್ತ್ರ ಹೇಳಿದರು. ನನ್ನ ಮಗ ಹೇಗಿದ್ದ ಎಂದು ಒಬ್ಬರೂ ಕೇಳಲಿಲ್ಲ."

ನಾನು ಹೇಳಿದ್ದು ಸುಳ್ಳಲ್ಲ. ಆದರೂ ಅದು ಅವರಿಗೆ ಆಪ್ತವಾಕ್ಯವಾಗಲಿಲ್ಲ. ಏಕೆ?

ಅನುವ್ಯಾಖ್ಯಾನದ ಆರಂಭದಲ್ಲಿ ಶ್ರೀಮದಾಚಾರ್ಯರು ಬ್ರಹ್ಮಸೂತ್ರಗಳ ಪ್ರಾಮಾಣ್ಯವನ್ನು ನಿರೂಪಿಸುವಾಗ ಆಪ್ತಿಯೆಂದರೇನು ಎಂಬುದನ್ನು ವಿಚಾರಿಸಿದ್ದಾರೆ. ಹೇಳುವವನು, ಕೇಳುವವನು, ಪ್ರಸಂಗ ಈ ಮೂರರ ಅನುಕೂಲತೆಯೇ ಆಪ್ತಿ ಎಂಬುದು ಅಲ್ಲಿಯ ಅಭಿಪ್ರಾಯ. ಶ್ರೀಜಯತೀರ್ಥರು ನ್ಯಾಯಸುಧೆಯಲ್ಲಿ ಅದನ್ನು ವಿಸ್ತರಿಸಿದ್ದಾರೆ. ಮಹಾಶಾಸ್ತ್ರದ ಸಂದರ್ಭದಲ್ಲಿ ಹೇಳಿದ ಈ ತತ್ತ್ವದ ಬೆಳಕನ್ನು ನಮ್ಮ ಸಣ್ಣ ಮಾತುಕತೆಗಳ ಮೇಲೂ ಬೀಳಿಸಿಕೊಂಡರೆ ತಪ್ಪಾಗಲಾರದು. ಮಾತು ನಿಜವಾಗಿದ್ದರೆ ಸಾಲದು. ಕೇಳುವವನ ಸ್ಥಿತಿಯೂ ಹೇಳುವ ಹೊತ್ತೂ ಅದಕ್ಕೆ ಒದಗಬೇಕು. ಅಂದು ನನ್ನಲ್ಲಿ ಮಾತಿತ್ತು. ಕೇಳುವವರ ಮನಸ್ಸನ್ನೂ ಪ್ರಸಂಗವನ್ನೂ ನಾನು ನೋಡಿರಲಿಲ್ಲ.

ಇನ್ನೊಬ್ಬರ ಸಂಕಟಕ್ಕೆ ಕಿವಿಗೊಟ್ಟು, ಅವರು ತಾವೇ ದಾರಿ ಕಂಡುಕೊಳ್ಳುವಂತೆ ನೆರವಾಗುವ ವಿದ್ಯೆಯನ್ನು ಇಂದು ಕನ್ನಡದಲ್ಲಿ ಆಪ್ತಸಮಾಲೋಚನೆ ಎನ್ನುತ್ತಾರೆ. ಈ ಹೆಸರಿನಲ್ಲಿಯೇ 'ಆಪ್ತ' ಶಬ್ದವಿರುವುದು ಔಚಿತ್ಯಪೂರ್ಣ. ಈ ವಿದ್ಯೆಯ ಮೊದಲ ಪಾಠ ಮಾತಲ್ಲ, ಶ್ರವಣ. ನಮ್ಮ ಸಿದ್ಧಾಂತವನ್ನು ಬಲ್ಲವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಸುಖದುಃಖಗಳು ಸಾಕ್ಷಿವೇದ್ಯವಾದವು, ಸಾಕ್ಷಿಯ ಅನುಭವಕ್ಕೆ ಬಾಧೆಯಿಲ್ಲ. ಒಬ್ಬನ ನೋವು ಅವನ ಸಾಕ್ಷಿಗೆ ಮಾತ್ರ ಪ್ರತ್ಯಕ್ಷ. ನಮಗಾದರೋ ಅದು ಅವನ ಮಾತಿನಿಂದಲೂ ಮುಖಭಾವದಿಂದಲೂ ತಿಳಿಯತಕ್ಕದ್ದು. ಹೀಗಿರಲು "ಇದೇನು ದೊಡ್ಡ ಕಷ್ಟ?" ಎನ್ನಲು ನಮಗೆ ಯಾವ ಪ್ರಮಾಣವಿದೆ? ಅಂತೆಯೇ ಜೀವಜೀವರಲ್ಲಿ ಭೇದವು ಸತ್ಯವಾದುದರಿಂದ "ನನಗೂ ಹೀಗೆಯೇ ಆಗಿತ್ತು, ನಾನು ಸಹಿಸಲಿಲ್ಲವೇ?" ಎಂಬ ಮಾತೂ ನಿಲ್ಲುವುದಿಲ್ಲ. ಪಂಚಭೇದವನ್ನು ಒಪ್ಪಿದವನು ಇನ್ನೊಬ್ಬನ ದುಃಖವನ್ನು ಅಳೆಯಲು ತನ್ನ ದುಃಖವನ್ನು ಅಳತೆಗೋಲಾಗಿ ಹಿಡಿಯುವುದು ಉಚಿತವಲ್ಲ. ಅವನನ್ನೇ ಕೇಳಿ ತಿಳಿಯಬೇಕು.

ಕೇಳುವುದಕ್ಕೂ ಅಭ್ಯಾಸ ಬೇಕು. ಹೌದು, ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆಗಳಿಗಿಂತ "ಆಮೇಲೆ ಏನಾಯಿತು?", "ಈಗ ಮನೆಯಲ್ಲಿ ಹೇಗಿದೆ?" ಎಂಬಂಥ ಪ್ರಶ್ನೆಗಳು ಮನಸ್ಸನ್ನು ತೆರೆಯುತ್ತವೆ. ನಡುವೆ ಬರುವ ಮೌನವನ್ನು ಉಪದೇಶದಿಂದ ತುಂಬಬಾರದು. ಕೇಳಿದುದನ್ನು ನಮ್ಮ ಮಾತಿನಲ್ಲಿ ಸಂಗ್ರಹಿಸಿ ಹೇಳಿ, "ನಾನು ತಿಳಿದದ್ದು ಸರಿಯೇ?" ಎಂದು ವಿಚಾರಿಸಬೇಕು. ಕೇಳಿದ ಗುಟ್ಟು ಪಾಕಶಾಲೆಯ ಹರಟೆಗೆ ವಸ್ತುವಾಗಬಾರದು. ಅದೇ ಭಜನಾಮಂಡಳಿ, ಅದೇ ನೆಂಟಸ್ತಿಕೆಯ ಬಳಗದಲ್ಲಿ ಒಮ್ಮೆ ಗುಟ್ಟು ಹೊರಬಿದ್ದರೆ ಆ ಮನೆಯವರು ಮಠದ ಮೆಟ್ಟಿಲನ್ನೇ ಹತ್ತದೆ ಹೋಗಬಹುದು.

ಹಾಗಾದರೆ ಶಾಸ್ತ್ರವನ್ನು ಹೇಳಲೇಬಾರದೇ ಎಂಬ ಆಕ್ಷೇಪ ಬರುತ್ತದೆ. ಗೀತೆಯ ಪ್ರಥಮಾಧ್ಯಾಯವನ್ನು ನೋಡೋಣ. ಅಲ್ಲಿ ಭಗವಂತನ ಬಾಯಿಂದ ಬರುವುದು ಒಂದೇ ವಾಕ್ಯ. ಉಳಿದಂತೆ ಅರ್ಜುನನ ವಿಷಾದವನ್ನೆಲ್ಲ ಸರ್ವಜ್ಞನಾದ ಸ್ವಾಮಿಯೇ ಕೇಳುತ್ತಾನೆ. ದ್ವಿತೀಯಾಧ್ಯಾಯದ ಆರಂಭದಲ್ಲಿ ಎಚ್ಚರಿಕೆಯ ಮಾತನ್ನಾಡಿದರೂ ಅಷ್ಟರಿಂದಲೇ ಅರ್ಜುನನ ಶೋಕ ಹೋಗಲಿಲ್ಲ. ಅವನು ಶಿಷ್ಯನಾಗಿ ಶರಣುಬಂದು ತಾನೇ ಬೇಡಿದ ಮೇಲೆ ತತ್ತ್ವೋಪದೇಶ ಮೊದಲಾಯಿತು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೂ ಹದಿನೆಂಟನೆಯ ಅಧ್ಯಾಯದಲ್ಲಿ, ಚೆನ್ನಾಗಿ ವಿಮರ್ಶಿಸಿ ಇಚ್ಛೆಯಿದ್ದಂತೆ ಮಾಡೆಂದು ಸ್ವಾಮಿ ಹೇಳುತ್ತಾನೆ. ಶಾಸ್ತ್ರವು ಔಷಧ, ಆದರೆ ರೋಗಿಯ ಮಾತನ್ನು ಕೇಳದೆ ಔಷಧ ಕೊಡುವವನನ್ನು ವೈದ್ಯನೆನ್ನುವುದಿಲ್ಲ.

ಈ ಶ್ರವಣವನ್ನು ಕಲಿಯಲು ದೊಡ್ಡ ಪದವಿ ಬೇಕಿಲ್ಲ. ತರಬೇತಿ ಪಡೆದ, ವೈದ್ಯರಲ್ಲದ ಸಮಾಲೋಚಕರ ನೆರವಿನಿಂದ ಸರಕಾರಿ ಆರೋಗ್ಯಕೇಂದ್ರಗಳಿಗೆ ಬಂದ ಖಿನ್ನತೆ, ಆತಂಕದ ರೋಗಿಗಳಲ್ಲಿ ಹೆಚ್ಚಿನವರು ಚೇತರಿಸಿಕೊಂಡುದನ್ನು ಗೋವಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕರ್ನಾಟಕದಲ್ಲಿ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಅನೇಕ ಗ್ರಂಥಗಳನ್ನು ಬರೆದು ಈ ವಿಷಯವನ್ನು ಮನೆಮನೆಗೆ ತಲುಪಿಸಿದ್ದಾರೆ. ನಮ್ಮ ಠಾಣೆಯಲ್ಲಿಯೇ ಡಾ. ಆನಂದ ನಾಡಕರ್ಣಿ ಅವರು 1990ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಸೈಕಾಲಜಿಕಲ್ ಹೆಲ್ತ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಠದ ಬಳಗದಲ್ಲಿರುವ ನಿವೃತ್ತರೂ ಗೃಹಿಣಿಯರೂ ತಜ್ಞರಿಂದ ಈ ಪ್ರಾಥಮಿಕ ಶಿಕ್ಷಣ ಪಡೆದರೆ ಅದೂ ಒಂದು ಸೇವೆಯೇ ಆದೀತು.

ಆದರೆ ತನ್ನ ಮಿತಿಯನ್ನು ಅರಿಯದವನು ಆಪ್ತನಾಗಲಾರ. ವಾರಗಟ್ಟಲೆ ನಿದ್ರೆ ಆಹಾರ ಬಿಟ್ಟವರನ್ನೂ, ಇಲ್ಲದ ಧ್ವನಿಗಳನ್ನು ಕೇಳುವವರನ್ನೂ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು, ಹರಕೆಯೊಂದೇ ಸಾಕೆನ್ನಬಾರದು. "ಬದುಕು ಸಾಕಾಗಿದೆ" ಎಂದವರನ್ನು, ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ, ಮೃದುವಾಗಿ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಉತ್ತರ ಹೌದಾದರೆ ಅವರನ್ನು ಒಂಟಿಯಾಗಿ ಬಿಡಬಾರದು. ಜೀವ ಉಳಿಸಲು ಅಗತ್ಯವಿರುವವರಿಗೆ ತಿಳಿಸುವುದು ಗುಟ್ಟಿನ ದ್ರೋಹವೂ ಅಲ್ಲ. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲೂ ಇರುಳೂ ಕರೆಮಾಡಬಹುದು.

ಜೀವನು ಅಸ್ವತಂತ್ರ. ಯಾರ ದುಃಖವನ್ನೂ ನೀಗುವ ಶಕ್ತಿ ನಮ್ಮದಲ್ಲ. ದುಃಖವನ್ನು ಕಳೆಯತಕ್ಕವನು ಶ್ರೀಹರಿಯೊಬ್ಬನೇ. ಈ ಅರಿವಿದ್ದವನಿಗೆ ಒಬ್ಬನನ್ನು ಒಂದೇ ಮಾತಿನಿಂದ ಸರಿಪಡಿಸಿಬಿಡುವ ಆತುರವಿರುವುದಿಲ್ಲ. ಅವನು ಸುಮ್ಮನೆ ಹತ್ತಿರ ಕುಳಿತುಕೊಳ್ಳಬಲ್ಲ.

ಆ ಹಿರಿಯರ ಮನೆಗೆ ನಾನು ಮತ್ತೊಮ್ಮೆ ಹೋದೆ. "ನಿಮ್ಮ ಮಗನ ವಿಷಯ ಹೇಳಿ" ಎಂದೆ. ಅವರು ಒಳಗಿನಿಂದ ಒಂದು ಭಾವಚಿತ್ರ ತಂದು ನನ್ನ ಕೈಗಿತ್ತರು. ಆ ಸಂಜೆ ನಾನು ಆಡಿದ ಮಾತು ಬಹಳ ಕಡಿಮೆ. ಬೀಳ್ಕೊಡುವಾಗ ಅವರು ಗೇಟಿನವರೆಗೂ ಬಂದರು.

ಶ್ರೀಕೃಷ್ಣಾರ್ಪಣಮಸ್ತು.