ಗರ್ಭಿಣೀಪತಿ

ಗರ್ಭಿಣಿಯ ಯೋಗಕ್ಷೇಮವನ್ನು ಮನೆಯವರೆಲ್ಲರೂ ವಿಚಾರಿಸುವರು. ಆಕೆಯ ಪತಿಯನ್ನು ಕೇಳುವವರು ವಿರಳ. ಅವನಿಗೆ ವಾಂತಿಯಿಲ್ಲ, ಬಳಲಿಕೆಯಿಲ್ಲ. ಆದುದರಿಂದ ಚಿಂತೆಯೂ ಇಲ್ಲವೆಂದು ಲೋಕವು ಭಾವಿಸುತ್ತದೆ. ಇದು ನ್ಯಾಯವೆ?

ಧರ್ಮಶಾಸ್ತ್ರಕಾರರು ಹಾಗೆಣಿಸಲಿಲ್ಲ. ಗರ್ಭಿಣೀಪತಿಯು ಕ್ಷೌರ ಮಾಡಿಸಿಕೊಳ್ಳಬಾರದು, ಸಮುದ್ರಸ್ನಾನ ಮಾಡಬಾರದು, ಮರ ಕಡಿಯಬಾರದು, ಹೆಣ ಹೊರಬಾರದು, ದೂರದೇಶಕ್ಕೆ ಹೋಗಬಾರದು ಎಂದು ವಿಧಿಸಿದರು. ಇವುಗಳಿಂದ ಶಿಶುವಿಗೆ ಕೇಡೆಂಬ ಕಾರಣವನ್ನು ಇಂದಿನವರು ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ. ಆದರೆ ಫಲವನ್ನು ನೋಡಬೇಕು. ಬೆಳೆದ ಗಡ್ಡವನ್ನು ಕಂಡವರು ಇವನು ತಂದೆಯಾಗಲಿರುವವನೆಂದು ಅರಿಯುತ್ತಿದ್ದರು. ಒಡಲಲ್ಲಿ ಗುರುತಿಲ್ಲದವನಿಗೆ ಶಾಸ್ತ್ರವೇ ಗುರುತನ್ನು ಕೊಟ್ಟಿತ್ತು. (ಗುರುತೇ ಇಲ್ಲವೆಂಬುದೂ ಪೂರ್ಣ ಸತ್ಯವಲ್ಲ: ತಾಯಿಯಲ್ಲಿ ಹಾಲು ಬರಿಸುವ ಪ್ರೋಲ್ಯಾಕ್ಟಿನ್ ಎಂಬ ಸ್ರಾವವು ಹೆರಿಗೆಗೆ ಮುನ್ನ ತಂದೆಯ ರಕ್ತದಲ್ಲಿಯೂ ಏರಿದ್ದುದನ್ನು 2000ದಲ್ಲಿ ಪ್ರಕಟವಾದ ಕೆನಡಾದ ಸಂಶೋಧನೆಯೊಂದು ತೋರಿಸಿತು.) ಸೀಮಂತದಲ್ಲಿ ಮುಳ್ಳುಹಂದಿಯ ಮುಳ್ಳಿನಿಂದ ಪತ್ನಿಯ ಬೈತಲೆ ತೆಗೆಯತಕ್ಕವನೂ ಅವನೇ. ಈಗ ಅದು ಬಳೆ, ಸೀರೆ, ಊಟಗಳ ಸಂಭ್ರಮವಾಗಿ, ಗಂಡನು ಎಲೆ ಹಾಕಿಸುವವನಾಗಿದ್ದಾನೆ.

ರಘುವಂಶದ ದಿಲೀಪನು, ಸುದಕ್ಷಿಣೆಯು ನಾಚಿಕೆಯಿಂದ ಬಯಕೆಯನ್ನು ಹೇಳಳೆಂದು, ಅವಳ ಸಖಿಯರನ್ನು ಪದೇ ಪದೇ ಕೇಳುತ್ತಾನೆ. ಕೋಸಲಾಧಿಪತಿಯ ಪಾಡೇ ಹೀಗಾದರೆ ಸಾಮಾನ್ಯ ಗೃಹಸ್ಥನದೇನು?

ಚೊಚ್ಚಲ ಹೆರಿಗೆಗೆ ಪತ್ನಿಯು ತವರಿಗೆ ಹೋದ ಮೇಲೆ, ಅವಳಿಗೇನಾದರೂ ಆದೀತೆಂಬ ಭಯವನ್ನು ಅವನು ಯಾರಲ್ಲಿ ಹೇಳಬೇಕು? ಗಂಡಸಿಗೆ ಅಧೈರ್ಯವೇಕೆಂದು ಹಿರಿಯರು ಗದರಿಸುವರು. ಅದು ಅಧೈರ್ಯವಲ್ಲ, ಪ್ರೀತಿಯಿದ್ದೂ ಕೈಗೆ ಕೆಲಸವಿಲ್ಲದವನ ಸಂಕಟ. ಹೀಗೆ ಬಾಯಿ ಕಟ್ಟಿಸಿಕೊಂಡವನು ಉದಾಸೀನನಾಗಿ, ಶಿಶುವು ಬಂದ ಮೇಲೂ ಪರಕೀಯನಂತೆ ದೂರ ನಿಂತರೆ ತಪ್ಪು ಅವನೊಬ್ಬನದಲ್ಲ. ಗದರಿಸಿದ ಅವನ ತಂದೆಯೂ ಒಂದು ಕಾಲದಲ್ಲಿ ಹೀಗೆಯೇ ಅಂಜಿದ್ದವನು. ಮಗನಿಗೆ ಅದನ್ನು ಹೇಳಿರುವುದಿಲ್ಲ.